ಬೆಲ್ಲದ ಲೆಕ್ಕದಲ್ಲಿ ಹದಿನಾಲ್ಕು ಕೆಜಿ

ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂಬುದು ಲೋಕವೆಲ್ಲ ಒಪ್ಪಿದ ಸತ್ಯ. ಆದರೆ ತಟ್ಟೆಗೆ ಬೆಲ್ಲ ಇಡುವವಳು ನನ್ನ ಹೆಂಡತಿಯಾಗಿದ್ದರೆ ಆ ಸತ್ಯಕ್ಕೆ ಸಣ್ಣದೊಂದು ತಿದ್ದುಪಡಿ ಬೇಕಾಗುತ್ತದೆ.

ಎರಡು ವರ್ಷದ ಮೊಮ್ಮಗಳಿಗೆ ಹಿಂದಿನ ತಿಂಗಳಷ್ಟೇ ಬೆಲ್ಲದ ತುಲಾಭಾರ ಮಾಡಿಸಿದ್ದೆವು. ಆ ಭಾನುವಾರ ಮಗಳು, ಅಳಿಯ ಕೆಂಗೇರಿ ಉಪನಗರದಲ್ಲಿ ಯಾರದೋ ಗೃಹಪ್ರವೇಶಕ್ಕೆಂದು ಮಗುವನ್ನು ಶ್ರೀಗಂಧದ ಕಾವಲಿನ ನಮ್ಮ ಮನೆಯಲ್ಲಿ ಬಿಟ್ಟುಹೋದರು. ಮೈ ಸ್ವಲ್ಪ ಬೆಚ್ಚಗಿತ್ತು. ಅನ್ನ ತಿನ್ನಿಸುತ್ತಿದ್ದಾಗ ಅದರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಕೈಕಾಲು ಸೆಟೆದು ಅದುರತೊಡಗಿದವು. ಆಟೊ ಹಿಡಿದು ಮಾಗಡಿ ರಸ್ತೆಯ ನರ್ಸಿಂಗ್ ಹೋಮ್ ಮುಟ್ಟಿದರೂ ಫಿಟ್ಸ್ ನಿಂತಿರಲಿಲ್ಲ. ಮಗಳ ಫೋನು ರಿಂಗಾಗುತ್ತಲೇ ಇತ್ತು. ಅಲ್ಲಿ ವಾಲಗ ಜೋರಾಗಿದ್ದಿರಬೇಕು.

"ಮಗು ತೂಕ ಎಷ್ಟು?" ಎಂದರು ಡಾಕ್ಟರು. ನನ್ನ ಮಗಳಿಗಿಂತ ಚಿಕ್ಕ ಹುಡುಗಿ.

"ಹದಿನಾಲ್ಕು ಕೆಜಿ. ದೇವರ ಮುಂದೆ ತೂಗಿಸಿದ್ದು," ಎಂದಳು ನನ್ನ ಹೆಂಡತಿ, ಪ್ರಮಾಣ ಮಾಡುವವಳ ಹಾಗೆ.

ಡಾಕ್ಟರು ಮಗುವನ್ನು ನೋಡಿ, ಅವಳನ್ನು ನೋಡಿದರು.

"ಅಷ್ಟಿಲ್ಲ ಡಾಕ್ಟ್ರೇ," ಎಂದೆ. "ಅದು ತುಲಾಭಾರದ ಬೆಲ್ಲದ ತೂಕ. ತಟ್ಟೆ ನೆಲಕ್ಕೆ ತಾಗಿದ ಮೇಲೂ ಇವಳು ಅಚ್ಚು ಇಡ್ತಾನೇ ಇದ್ಲು. ಅರ್ಚಕರು ಸಾಕಮ್ಮ ಅಂದ್ರೂ ಕೇಳ್ಲಿಲ್ಲ."

"ದೇವರಿಗೆ ಕಮ್ಮಿ ಬೀಳಬಾರದು ಅಂತ ಇಟ್ಟೆ ಕಣ್ರೀ!"

ನಾನು ಡಾಕ್ಟರತ್ತಲೇ ತಿರುಗಿ ಹೇಳಿದೆ, "ಮಗು ಮೈಮೇಲೆ ಬೆಳ್ಳಿ ಡಾಬು, ಗೆಜ್ಜೆ ಬೇರೆ. ತೊಡೆ ಮೇಲೆ ತೆಂಗಿನಕಾಯಿ."

"ಎಲ್ಲಾ ಸೇರಿ ಎಷ್ಟು ಜಾಸ್ತಿ ಇರಬಹುದು ಸಾರ್?" ಎಂದರು ಡಾಕ್ಟರು.

ಭಕ್ತಿಯ ಹೆಚ್ಚುವರಿಯನ್ನು ಕೆಜಿಯಲ್ಲಿ ಹೇಳುವ ವಿದ್ಯೆ ನನಗೆ ತಿಳಿದಿರಲಿಲ್ಲ. ಮಗುವಿನ ತುಟಿ ಆಗಲೇ ನೀಲಿಗೆ ತಿರುಗುತ್ತಿತ್ತು.

"ದೇವರಿಗೆ ಜಾಸ್ತಿ ಕೊಟ್ರೆ ನಡೆಯುತ್ತೆ ಅಮ್ಮಾ, ಈ ಇಂಜೆಕ್ಷನ್ ಜಾಸ್ತಿ ಆದ್ರೆ ಉಸಿರು ಕಟ್ಟುತ್ತೆ. ಕಮ್ಮಿ ಆದ್ರೆ ಫಿಟ್ಸ್ ನಿಲ್ಲಲ್ಲ."

ಹೀಗೆ ಒದ್ದಾಡುವ ಮಗುವನ್ನು ತೂಕದ ಯಂತ್ರದ ಮೇಲೆ ಇಡುವಂತಿರಲಿಲ್ಲ. ನರ್ಸು ಬಣ್ಣಬಣ್ಣದ ಪಟ್ಟೆಗಳಿರುವ ಉದ್ದನೆಯ ಟೇಪೊಂದನ್ನು ಬಿಚ್ಚಿ, ಮಗುವಿನ ನೆತ್ತಿಯಿಂದ ಹಿಮ್ಮಡಿಯವರೆಗೆ ಹಿಡಿದಳು.

"ಏನ್ರೀ ಇದು, ಲಂಗಕ್ಕೆ ಅಳತೆ ತಗೊಂಡ ಹಾಗೆ!" ಹೆಂಡತಿ ನನ್ನ ತೋಳು ಹಿಂಡಿದಳು. "ಉದ್ದ ನೋಡಿದ್ರೆ ತೂಕ ಗೊತ್ತಾಗುತ್ತಾ?"

ನನಗೂ ಅದೇ ಭಯ. ನಮ್ಮ ವಂಶದಲ್ಲಿ ಎಲ್ಲರೂ ಉದ್ದ, ಯಾರಿಗೂ ಮೈಯಿಲ್ಲ. ಟೇಪಿಗೆ ಈ ವಂಶಚರಿತ್ರೆ ಯಾರು ಹೇಳಬೇಕು? ನಾನೇ ಹೇಳಿದೆ.

"ಗೊತ್ತಾಗ್ತಿದೆ ಸಾರ್," ಎಂದರು ಡಾಕ್ಟರು, ಮಗುವಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತ. "ಟೇಪು ಹನ್ನೆರಡು ತೋರಿಸ್ತಿದೆ, ಇವಳು ಸಣ್ಣ ಇದಾಳೆ. ಹನ್ನೊಂದಕ್ಕೆ ಕೊಡ್ತೀನಿ."

ಮೂರು ಕೆಜಿ ವ್ಯತ್ಯಾಸ. ನಾನು ತಡೆಯದೆ ಇದ್ದಿದ್ದರೆ ಎಂದು ಯೋಚಿಸುವಷ್ಟರಲ್ಲಿ ಔಷಧಿ ಒಳಗೆ ಹೋಗಿಯಾಗಿತ್ತು. ಮೊದಲು ಕಾಲು ಸಡಿಲವಾಯಿತು, ಆಮೇಲೆ ಕೈ. ಮಗು ಅಲ್ಲಾಡದೆ ಮಲಗಿತು. ಅಲ್ಲಿಯವರೆಗೆ ಅಲ್ಲಾಟ ನಿಲ್ಲಲೆಂದು ಬೇಡುತ್ತಿದ್ದವನಿಗೆ ಈಗ ಅಲ್ಲಾಡುತ್ತಿಲ್ಲವಲ್ಲ ಎಂಬ ದಿಗಿಲು.

"ಎದೆ ನೋಡ್ರೀ, ಏಳ್ತಿದೆಯಾ?"

"ಏಳ್ತಿದೆ ಕಣೇ."

"ಸರಿಯಾಗಿ ನೋಡ್ರೀ!"

ಕೊನೆಗೂ ಫೋನು ನೋಡಿಕೊಂಡು ಮಗಳು, ಅಳಿಯ ಓಡಿ ಬರುವವರೆಗೂ ನಾವಿಬ್ಬರೂ ಆ ಪುಟ್ಟ ಎದೆಯಿಂದ ಕಣ್ಣು ಕೀಳಲಿಲ್ಲ. ಸಂಜೆ ಯಂತ್ರದ ಮೇಲೆ ಮಲಗಿಸಿದಾಗ ಮಗು ಹನ್ನೊಂದು ಕೆಜಿ ಇನ್ನೂರು ಗ್ರಾಂ ತೂಗಿತು. ಫಿಟ್ಸ್ ಮತ್ತೆ ಬರಲಿಲ್ಲ. ಮರುದಿನ ಮಧ್ಯಾಹ್ನ ಮನೆಗೆ ಕಳಿಸಿದರು.