ನಾಲ್ಕನೇ ಸೀಟು

ಮೂವರಿಗೆಂದು ಮಾಡಿದ ಮುಂಬಯಿ ಲೋಕಲ್ ರೈಲಿನ ಬೆಂಚಿನಲ್ಲಿ ನಾಲ್ಕನೆಯವನಾಗಿ ಕೂರುವುದೂ ಒಂದು ಆಸನವೇ ಹೌದಾದರೂ ಯಾವ ಯೋಗಗುರುವೂ ಅದನ್ನು ಕಲಿಸಿದ್ದನ್ನು ನಾನು ಕಂಡಿಲ್ಲ. ಅರ್ಧ ಶರೀರ ಬೆಂಚಿನ ಅಂಚಿನ ಮೇಲೆ, ಇನ್ನರ್ಧ ಅಂತರಿಕ್ಷದಲ್ಲಿ, ಒಂದು ಕಾಲು ನಿಂತವರ ಚಪ್ಪಲಿಗಳ ನಡುವೆ, ಚಿತ್ತವೆಲ್ಲ ಮುಂದಿನ ಸ್ಟೇಷನ್ನಿನಲ್ಲಿ ಇಳಿಯುವವರು ಯಾರೆಂಬ ಧ್ಯಾನದಲ್ಲಿ. ಡೊಂಬಿವಲಿಯಿಂದ ಆಫೀಸಿಗೆ ಹೋಗಿಬರುತ್ತ ಇಡೀ ಉದ್ಯೋಗಪರ್ವವನ್ನು ಈ ಅರ್ಧಾಸನದಲ್ಲೇ ಕಳೆದ ನನಗೆ, ನಿವೃತ್ತನಾದ ಮೇಲೂ ಪೂರ್ತಿ ಕೂರುವ ವಿದ್ಯೆ ಒಲಿದಿಲ್ಲ. ಮನೆಯ ಸೋಫಾದಲ್ಲೂ ನಾನು ತುದಿಯಲ್ಲೇ. "ಒಳಗೆ ಸರಿದು ಕೂತ್ಕೊಳ್ಳಿ, ಠಾಣೆ ಸ್ಟೇಷನ್ ಇನ್ನೂ ಬಂದಿಲ್ಲ" ಎಂದು ಹೆಂಡತಿ ಅಣಕಿಸುತ್ತಾಳೆ. ಡಾಕ್ಟರಿಗೆ ತೋರಿಸಿದರೆ ಅವರು ಇದಕ್ಕೊಂದು ಹೆಸರನ್ನೂ ಮಾತ್ರೆಯನ್ನೂ ಕೊಟ್ಟಾರೆಂಬ ಭಯದಿಂದ ಸುಮ್ಮನಿದ್ದೇನೆ.

ಇಂಥ ಚಡಪಡಿಕೆಯವನಿಗೆ ನಮ್ಮ ಕನ್ನಡ ಸಂಘದವರು ವಹಿಸಿರುವ ಕೆಲಸ ಯಾವುದೆಂದು ಬಲ್ಲಿರಾ? ಸಂತಾಪ ಸಭೆಗಳಲ್ಲಿ ಗಂಭೀರವಾಗಿ ಮಾತಾಡುವುದು. ಕಲ್ಯಾಣದಿಂದ ನವಿ ಮುಂಬಯಿಯವರೆಗೆ ನಮ್ಮವರಾರು ಗತಿಸಿದರೂ ನನಗೆ ಫೋನು ಬರುತ್ತದೆ. ಸರಕು ಸದಾ ಸಿದ್ಧ: ಮೃತರು ಸ್ನೇಹಜೀವಿಯಾಗಿದ್ದರು, ಅಪಾರ ಬಂಧುಬಳಗವನ್ನು ಅಗಲಿದ್ದಾರೆ, ಅವರ ಅಗಲಿಕೆ ತುಂಬಲಾರದ ನಷ್ಟ. ಜೀವನವಿಡೀ ಮುಖ ಗಂಟಿಕ್ಕಿಕೊಂಡೇ ಇದ್ದವರನ್ನೂ ನಾನು ಸ್ನೇಹಜೀವಿಗಳನ್ನಾಗಿ ಮಾಡಿ ಕಳಿಸಿದ್ದೇನೆ, ಯಾರೂ ಆಕ್ಷೇಪಿಸಿಲ್ಲ.

ಆ ಸರಕೆಲ್ಲ ಒಮ್ಮೆಲೇ ಕೈಕೊಟ್ಟಿದ್ದು ಈ ವರ್ಷ. ಸಂಘದ ಕಾರ್ಯದರ್ಶಿ ಸದಾಶಿವಣ್ಣ, ಕುಂದಾಪುರದ ಕಡೆಯಿಂದ ಬಂದು ಕಲ್ಯಾಣದಲ್ಲಿ ಹೋಟೆಲು ಹಾಕಿದವರು. ಅವರ ಹೋಟೆಲಿನೆದುರಿನ ಫ್ಲೈಓವರಿನ ಕೆಳಗೆ ಮಲಗುತ್ತಿದ್ದ ಮುದುಕನೊಬ್ಬ ದಿನಾ ಬೆಳಿಗ್ಗೆ ಚಹಾಕ್ಕೆ ಬರುತ್ತಿದ್ದ. ಮಳೆಗಾಲದಲ್ಲಿ ಬರುವುದು ನಿಂತಿತು. ಸತ್ತನೆಂದು ರಿಕ್ಷಾದವರು ಹೇಳಿದರು. "ಹೆಸರೂ ಗೊತ್ತಿಲ್ಲ ಮಾರಾಯ್ರೆ. ಕಡಕ್ ಚಹಾದ ಅಜ್ಜ ಅಂತಲೇ ಹೇಳುದು ನಾವು. ಅವರಿಗೂ ಒಂದು ಸಭೆ ಮಾಡುವ" ಎಂದರು ಸದಾಶಿವಣ್ಣ. ಒಬ್ಬರಿಗೇ ಏಕೆ, ಠಾಣೆಯ ಕೋಪರಿಯಲ್ಲಿ ಸ್ಟೇಷನ್ ಬದಿಗೆ, ಘೋಡಬಂದರ್ ರಸ್ತೆಯ ಮಾಲುಗಳ ಗೋಡೆಯ ಮಗ್ಗುಲಲ್ಲಿ, ಮನೆಯಿಲ್ಲದೆ ಬದುಕಿ ಹೋದ ಎಲ್ಲರಿಗೂ ಸೇರಿಸಿ ಒಂದು ಶ್ರದ್ಧಾಂಜಲಿ ಸಭೆಯಾಗಲಿ ಎಂದು ನಿರ್ಧಾರವಾಯಿತು. ಮಾತು ಮಾತ್ರ ಎಂದಿನಂತೆ ನನ್ನದೇ.

ಅಂದಿನಿಂದ ನನ್ನ ನೆಮ್ಮದಿ ಹಾರಿಹೋಯಿತು. ಬಂಧುಬಳಗವನ್ನು ಅಗಲಿದ್ದಾರೆನ್ನಲು ಬಂಧುಗಳೆಲ್ಲಿ? ನಷ್ಟ ತುಂಬಲಾರದ್ದೆನ್ನಲು ಅದು ಆದದ್ದಾದರೂ ಯಾರಿಗೆ? ಅಡುಗೆಮನೆಗೂ ಬಾಲ್ಕನಿಗೂ ನಡುವೆ ಎಷ್ಟು ಶತಪಥ ಹಾಕಿದರೂ ಒಂದು ವಾಕ್ಯ ಹುಟ್ಟಲಿಲ್ಲ.

ಭಾನುವಾರ ಸಂಜೆ ಕಲ್ಯಾಣದ ಶಾಲೆಯೊಂದರ ಹಾಲ್. ಸದಾಶಿವಣ್ಣನ ಬಳಿ ಸಂತಾಪ ಸಭೆಯ ಸಾಮಾನಿನ ಒಂದು ಚೀಲವೇ ಇದೆ: ಬಿಳಿ ಬಟ್ಟೆ, ದೀಪ, ಹೂವಿನ ಎಸಳಿಗೆ ಹರಿವಾಣ, ಮತ್ತು 'ಮೃತರ ಮನೆಯವರಿಗೆ' ಎಂದು ಬರೆದು ಲ್ಯಾಮಿನೇಟ್ ಮಾಡಿಸಿದ ಒಂದು ಫಲಕ. ಅಭ್ಯಾಸಬಲದಿಂದ ಅವರು ಆ ಫಲಕವನ್ನೂ ಮುಂದಿನ ಬೆಂಚಿನ ಮೇಲೆ ನಿಲ್ಲಿಸಿಬಿಟ್ಟಿದ್ದರು. ಮನೆಯೇ ಇಲ್ಲದವರ ಮನೆಯವರಿಗೆ ಕಾದಿರಿಸಿದ ಉದ್ದನೆಯ ಖಾಲಿ ಬೆಂಚು! ಹಿಂದೆ ಕೂತವರಿಗೆಲ್ಲ ಅದು ಕಾಣುತ್ತಿತ್ತು. ತೆಗೆದರೂ ಮುಜುಗರ, ಬಿಟ್ಟರೂ ಮುಜುಗರ. ನಾನು ನೀರು ಕುಡಿದೆ, ಫ್ಯಾನಿನ ವೇಗ ಹೆಚ್ಚಿಸಿದೆ, ಮತ್ತೆ ತಗ್ಗಿಸಿದೆ. ಕೊನೆಗೆ ಫಲಕವನ್ನು ಮೆಲ್ಲಗೆ ಮಗುಚಿಡೋಣವೆಂದು ಕೈಚಾಚುವಷ್ಟರಲ್ಲಿ, ಸಿಮೆಂಟಿನ ಧೂಳು ಮೆತ್ತಿದ ಸೀರೆಯ ಹೆಂಗಸೊಬ್ಬಳು ನೇರ ಅಲ್ಲಿಗೇ ಬಂದಳು.

"ಈ ಜಾಗಾ ಯಾರದರಿ?"

"ಅದು ಮನೆಯವರಿಗೆ ಇಟ್ಟದ್ದಮ್ಮ. ನೀವು ಹಿಂದೆ ಕೂತ್ಕೊಳ್ಳಿ, ಆಯ್ತಾ?" ಎಂದರು ಸದಾಶಿವಣ್ಣ.

ಆಕೆ ಕದಲಲಿಲ್ಲ. ಹೆಸರು ಶಾಂತವ್ವ, ಊರು ಕಲಬುರಗಿ ಕಡೆ, ಕೆಲಸ ಕಟ್ಟಡದ್ದು ಎಂದಳು. ರಿಕ್ಷಾದವರಿಂದ ಸಭೆಯ ಸುದ್ದಿ ತಿಳಿಯಿತಂತೆ. ಆಕೆ ಹೇಳಿದಾಗಲೇ ತಿಳಿದದ್ದು, ಚಹಾದ ಅಜ್ಜನಿಗೆ ಹೆಸರಿತ್ತು: ಯಂಕಪ್ಪ. "ಅವರು ನಿಮಗೆ ಏನಾಗಬೇಕು?" ಎಂದು ಸದಾಶಿವಣ್ಣ ಕೇಳಿದರು. ನಮ್ಮವರ ಯಾವ ಸಮಾರಂಭದಲ್ಲೂ ಬಾಗಿಲಲ್ಲೇ ಕೇಳುವ, ಕೇಳಿಸಿಕೊಂಡವರಿಗೂ ಕೆಟ್ಟದೆನಿಸದ ಪ್ರಶ್ನೆ. ಆಕೆಯ ಮುಖ ಮಾತ್ರ ಬಿಗಿಯಿತು.

"ದವಾಖಾನ್ಯಾಗೂ ಇದೇ ಕೇಳಿದ್ರರಿ. ಕೌನ್ ಲಗ್ತಾ ಹೈ ತೇರಾ ಅಂತ. ಗಂಡ ಅಲ್ಲ, ಅಣ್ಣ ಅಲ್ಲ, ಏನಂತ ಹೇಳ್ಲಿ? ಹೊರಗ ಕಳಿಸಿದ್ರು. ಎಲ್ಲಿ ಮಣ್ಣು ಮಾಡಿದ್ರೋ ಏನೋ, ಒಂದು ಹಿಡಿ ಮಣ್ಣು ಹಾಕಲಿಕ್ಕೂ ಆಗಲಿಲ್ಲ ನನಗ." ಸೆರಗಿನಿಂದ ಬಾಯಿ ಒರೆಸಿಕೊಂಡು ಮುಂದುವರಿಸಿದಳು. "ಬ್ರಿಡ್ಜ್ ಕೆಳಗ ಸಾಲಾಗಿ ಮಲಗತಿದ್ವಿ. ಲಾರಿ ಬರೂ ಬಾಜೂಕ ಆಂವ, ಒಳಗ ನಾನು, ಗ್ವಾಡಿಗೆ ನನ್ನ ಮಗಳು. ಆಂವ ಇರೂತನ ನಾ ಕಣ್ಣು ಮುಚ್ಚೀನ್ರಿ. ಈಗ ಮುಚ್ಚಲಿಕ್ಕಾಗವಲ್ದು."

ಸದಾಶಿವಣ್ಣ ಹೆಗಲ ಟವೆಲಿನಿಂದ ಬೆಂಚನ್ನು ಒರೆಸಿ, ಫಲಕವನ್ನು ನೆಟ್ಟಗೆ ನಿಲ್ಲಿಸಿ, "ಕೂತ್ಕೊಳ್ಳಿ ಅಮ್ಮ, ಇದು ನಿಮಗೇ ಇಟ್ಟದ್ದು" ಎಂದರು. ಅವರ ಮೇಲೆ ನನಗೆ ಆ ಕ್ಷಣ ಉಕ್ಕಿದ ಪ್ರೀತಿಯನ್ನು ಇನ್ನೂ ಅವರಿಗೆ ಹೇಳಿಲ್ಲ. ಮನೆಯವರಿಗೆ ಮೊದಲು ಹಿಡಿಯುವ ಹರಿವಾಣವನ್ನು ಆಕೆಗೇ ಮೊದಲು ಹಿಡಿದರು. ನಾವೆಲ್ಲ ಬೆರಳ ತುದಿಯಲ್ಲಿ ಎರಡೆಸಳು ಎತ್ತಿ ಉದುರಿಸುವವರು. ಶಾಂತವ್ವ ಹಿಡಿ ತುಂಬ ತೆಗೆದುಕೊಂಡು, ಬಗ್ಗಿ, ಮಣ್ಣು ಹಾಕುವಂತೆ ದೀಪದ ಮುಂದೆ ಹಾಕಿದಳು. ಮೂರು ಸಲ ಹಾಕಿದಳು.

ನನಗೆ ಒಂದು ಗಳಿಗೆ ಕೂರಬೇಕೆನಿಸಿ, ಚಾಳಿಯಂತೆ ಅದೇ ಬೆಂಚಿನ ಹೊರತುದಿಗೆ ಅರ್ಧ ಶರೀರ ಊರಲು ಹೋದೆ.

"ಅಲ್ಲಿ ಬ್ಯಾಡ್ರಿ ಅಣ್ಣಾರ. ಅದು ಅವನ ಬಾಜೂ. ಒಳಗ ಬರ್ರಿ, ಜಾಗಾ ಅದ."

ನಾನು ಆಕೆಯನ್ನು ದಾಟಿ ಗೋಡೆಯ ಕಡೆಗೆ ಹೋಗಿ, ಬೆನ್ನು ಆನಿಸಿ, ಪೂರ್ತಿಯಾಗಿ ಕೂತೆ. ಹೆಂಡತಿ ನೋಡಿದ್ದರೆ ನಂಬುತ್ತಿರಲಿಲ್ಲ. ನನ್ನ ಸರದಿ ಬಂದಾಗ ಎದ್ದು, ಯಂಕಪ್ಪನವರು ರಸ್ತೆಯ ಬದಿಗೆ ಮಲಗುತ್ತಿದ್ದರು ಎಂದೆ. ಮುಂದೆ ಹೊಳೆಯದೆ ಬೆಂಚಿನ ಆ ಖಾಲಿ ತುದಿಯನ್ನು ನೋಡಿದಾಗ, ಬೇಡವೆಂದು ಬಿಟ್ಟುಬಂದಿದ್ದ ಹಳೆಯ ಮಾತೇ ಬಾಯಿಗೆ ಬಂತು: ತುಂಬಲಾರದ ನಷ್ಟ. ಇಷ್ಟು ವರ್ಷಗಳಲ್ಲಿ ಆ ನಷ್ಟವನ್ನು ಕಣ್ಣಾರೆ ನೋಡಿ ಹೇಳಿದ್ದು ಅದೇ ಮೊದಲು.

ಚಡಪಡಿಕೆಯೇನೂ ವಾಸಿಯಾಗಿಲ್ಲ, ಇದನ್ನು ಬರೆಯುತ್ತ ಎಷ್ಟು ಸಲ ಎದ್ದು ಓಡಾಡಿದೆನೋ. ಶಾಂತವ್ವ ಇಂದೂ ಅದೇ ಸೇತುವೆಯ ಕೆಳಗಿದ್ದಾಳೆ. ಲಾರಿ ಬರುವ ಆ ಬದಿಗೆ ಈಗ ಅವಳೇ ಮಲಗುತ್ತಾಳಂತೆ. ಮೊನ್ನೆ ಠಾಣೆಗೆ ಹೋಗುವಾಗ ಎಂದಿನಂತೆ ನಾಲ್ಕನೇ ಸೀಟು ಸಿಕ್ಕಿತು. ದಿವಾ ಸ್ಟೇಷನ್ನಿನಲ್ಲಿ ಗುಂಪು ನುಗ್ಗಿತು. ಬ್ಯಾಗುಗಳೂ ಮೊಣಕೈಗಳೂ ಒಂದೊಂದಾಗಿ ನನ್ನ ಹೆಗಲಿಗೆ ತಾಗಿದವು. ಗೊಣಗಲೆಂದು ಒಳಗೆ ತಿರುಗಿದೆ. ಪಕ್ಕದಲ್ಲಿ, ಮಡಿಲಲ್ಲಿ ಡಬ್ಬಿಯಿಟ್ಟುಕೊಂಡಿದ್ದವರೊಬ್ಬರು ಕಣ್ಣು ಮುಚ್ಚಿದ್ದರು. ನಾನು ಕಾಲನ್ನು ಇನ್ನಷ್ಟು ಹೊರಗೆ ಊರಿ, ಅವರಿಗೂ ಗುಂಪಿಗೂ ನಡುವೆ ಗಟ್ಟಿಯಾಗಿ ಕೂತೆ.