ಹಡಗು ಹತ್ತದ ನೀಲಿ ಕೋಟು

ಕುವೈತಿನಲ್ಲಿ ಇದ್ದಷ್ಟು ವರ್ಷವೂ ನಾನು ಸೂಟ್‌ಕೇಸ್ ತುಂಬಿದ್ದು ಬೇರೆಯವರಿಗಾಗಿ. ಜೂನ್ ಬಂತೆಂದರೆ ರಜೆ, ರಜೆ ಬಂತೆಂದರೆ ಹುಬ್ಬಳ್ಳಿ. ನಾದಿನಿಯ ಮಕ್ಕಳಿಗೆ ಚಾಕಲೇಟು, ಮಾವನವರಿಗೆ ಬಾದಾಮಿ, ಮೈದುನನಿಗೆ ಸೆಂಟು, ಎಲ್ಲರಿಗೂ ಹಾಲಿನ ಪುಡಿ. ಅದರ ಮೇಲೆ ನನ್ನ ಗಂಡನ ಜೊತೆ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ದುಡಿಯುವವರು ತಮ್ಮ ತಮ್ಮ ಮನೆಗೆ ಕಳಿಸುವ ಗಂಟುಗಳು. ಅಲ್ಲಿ ಒಬ್ಬರು ವಿಮಾನ ಹತ್ತುತ್ತಾರೆಂದು ಗೊತ್ತಾದರೆ ಸಾಕು, ಬಾಗಿಲಿಗೆ ಪಾರ್ಸೆಲ್ ಬರುತ್ತದೆ. ಇಲ್ಲ ಅನ್ನುವ ಪದ್ಧತಿಯೇ ಇಲ್ಲ. ಇವತ್ತು ನಾವು ಅವರದು ಒಯ್ದರೆ ನಾಳೆ ಅವರು ನಮ್ಮದು ಒಯ್ಯುತ್ತಾರೆ. ನನ್ನ ಸೀರೆಗಳು ಉಳಿದ ಮೂಲೆಯಲ್ಲಿ ಹೇಗೋ ತೂರಿಕೊಳ್ಳುತ್ತಿದ್ದವು.

ಹಾಗಾಗಿ ಮದುವೆಯಾಗಿ ಇಪ್ಪತ್ತೈದು ವರ್ಷವಾದಾಗ ಗಂಡ, "ಈ ಸಲ ಊರು ಬ್ಯಾಡ, ಹಡಗಿನ್ಯಾಗ ನಾರ್ವೆಗೆ ಹೋಗೂಣು" ಎಂದರೆ ನನಗೆ ನಂಬಿಕೆ ಬರಲಿಲ್ಲ. ಟಿಕೆಟ್ ಕೈಗೆ ಬಂದ ಮೇಲೆ ನಂಬಿದೆ. ಆ ಹಡಗು ಎತ್ತರದ ಎರಡು ಬೆಟ್ಟಗಳ ನಡುವೆ ಹೋಗುತ್ತದೆ, ಮೇಲಿಂದ ಮಂಜು ಕರಗಿ ನೀರು ಧುಮುಕುತ್ತದೆ, ಜನ ಡೆಕ್ಕಿನ ಮೇಲೆ ನಿಂತು ನೋಡುತ್ತಾರೆ. ಟಿಕೆಟ್ ಮಾಡಿಸಿದ ಏಜೆನ್ಸಿಯ ಗೋಡೆಯಲ್ಲಿ ಅದರ ದೊಡ್ಡ ಚಿತ್ರ ಇತ್ತು. ನನಗೆ ಬೇರೇನೂ ಬೇಡವಾಗಿತ್ತು. ಆ ಡೆಕ್ಕಿನ ಮೇಲೆ ಗಂಡನ ಪಕ್ಕ ಒಮ್ಮೆ ನಿಲ್ಲಬೇಕು, ಅಷ್ಟೇ.

ಏಜೆನ್ಸಿಯವನು ಕೇರಳದವನು, ಬಟ್ಟೆಯ ವಿಷಯದಲ್ಲಿ ಕಟ್ಟುನಿಟ್ಟು. ಮೈಗೆ ಅಂಟಿಕೊಳ್ಳುವ ಥರ್ಮಲ್ ಒಳಗೆ, ಉಣ್ಣೆ ನಡುವೆ, ಗಾಳಿ ಮಳೆ ಎರಡನ್ನೂ ತಡೆಯುವ ಕೋಟು ಮೇಲೆ. ಮೇಲಿನದು ಇಲ್ಲದಿದ್ದರೆ ಒಳಗಿನ ಎರಡೂ ದಂಡ ಎಂದಿದ್ದ. ಕುವೈತಿನ ಚಳಿ ಒಣ ಚಳಿ, ಒಂದು ಸ್ವೆಟರಿಗೆ ಮುಗಿಯುತ್ತದೆ. ಅಲ್ಲಿಯದು ಒದ್ದೆ ಚಳಿಯಂತೆ. ನಾನು ಜನವರಿಯಲ್ಲೇ, ಅಂಗಡಿಗಳಲ್ಲಿ ಚಳಿಯ ಬಟ್ಟೆ ಇರುವಾಗಲೇ, ಒಂದು ನೀಲಿ ಕೋಟು ಕೊಂಡಿಟ್ಟೆ. ಒಳಗೆ ಮೆತ್ತೆ, ಹೊರಗೆ ನೀರು ಜಾರುವ ಬಟ್ಟೆ, ತಲೆಗೆ ಟೊಪ್ಪಿಗೆ. ಮನೆಯಲ್ಲಿ ಯಾರೂ ಇಲ್ಲದಾಗ ಹಾಕಿಕೊಂಡು ಕನ್ನಡಿ ನೋಡುತ್ತಿದ್ದೆ. ನನ್ನ ಬಟ್ಟೆಗೆಂದೇ ಒಂದು ಇಡೀ ಸೂಟ್‌ಕೇಸ್ ಸಿಕ್ಕಿದ್ದು ಆಗಲೇ. ಕಾಲುಚೀಲ, ಕೈಗವಸು, ಕಡೆಯ ರಾತ್ರಿಯ ಊಟಕ್ಕೆ ಒಂದು ಇಳಕಲ್ ಸೀರೆ, ಎಲ್ಲಕ್ಕಿಂತ ಮೇಲೆ ಕೋಟು.

ಹೊರಡುವ ಹಿಂದಿನ ದಿನ ಗಂಡನ ಮ್ಯಾನೇಜರರ ಹೆಂಡತಿ ಬಂದರು. ಮೈಸೂರಿನ ಕಡೆಯವರು, ಬಾಯಲ್ಲಿ ಬೆಣ್ಣೆ. ಟೇಪು ಸುತ್ತಿದ ದಪ್ಪ ಗಂಟನ್ನು ಡ್ರೈವರ್ ಹೊತ್ತು ತಂದ.

"ನಿಮ್ಮ ಹಡಗು ಬರ್ಗನ್‌ಗೆ ಹೋಗುತ್ತಂತಲ್ಲ, ನಮ್ಮ ಮಗಳು ಅಲ್ಲೇ ಓದ್ತಿರೋದು. ಒಂದಿಷ್ಟು ಸಾಮಾನು ಅಷ್ಟೇ. ಭಾರ ಆಗಲ್ಲ ಅಲ್ವಾ?" ಎಂದರು.

"ಛೇ, ಏನ್ ಭಾರ ಮೇಡಂ" ಎಂದು ನನ್ನ ಗಂಡ ಹಲ್ಲು ಗಿಂಜಿದರು. ಅವರ ಕಾಂಟ್ರ್ಯಾಕ್ಟು, ಆ ದೇಶದಲ್ಲಿರಲು ಬೇಕಾದ ನಮ್ಮ ಇಕಾಮಾ, ಎಲ್ಲ ಆ ಮ್ಯಾನೇಜರರ ಮಾತಿನ ಮೇಲೆ ನಿಂತಿತ್ತು, ಒಪ್ಪುತ್ತೇನೆ. ಆದರೆ ಅವರು ಬೆದರಿಸಲಿಲ್ಲ, ಕೇಳಿದರು ಅಷ್ಟೇ. ಕೇಳಿದ್ದಕ್ಕೇ ನಮ್ಮವರು ಬಾಗಿದರು.

ಮೇಡಂ ಹೋದ ಮೇಲೆ ಗಂಡ ಸೂಟ್‌ಕೇಸುಗಳನ್ನು ಕೊಕ್ಕೆಯ ತಕ್ಕಡಿಗೆ ತೂಗುಹಾಕಿದರು. ಭಾರ ಹೆಚ್ಚಾಗಿತ್ತು. ಅವರ ಸೂಟು ಇರಬೇಕು, ಬೂಟು ಇರಬೇಕು, ರಿಫೈನರಿಯಲ್ಲಿ ಕೊಟ್ಟ ದಪ್ಪ ಜಾಕೆಟ್ಟೂ ಇರಬೇಕು. ಅವರ ಕೈ ನೇರವಾಗಿ ನನ್ನ ನೀಲಿ ಕೋಟಿಗೆ ಹೋಯಿತು.

"ಅದನ್ನ ತೆಗೀಬ್ಯಾಡ್ರಿ" ಎಂದೆ.

"ಮತ್ತೇನ್ ಮಾಡ್ಲಿ? ಅವರಿಗೆ ಇಲ್ಲ ಅನ್ನಾಕ ಆಗತೈತೇನು?"

ಪಕ್ಕದಲ್ಲಿದ್ದ ನನ್ನ ಮಗಳು ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. "ಜಸ್ಟ್ ವೇರ್ ಇಟ್ ಆನ್ ದ ಪ್ಲೇನ್, ಮಮ್ಮಿ" ಎಂದಳು. ನನಗೆ ಅದು ಸರಿ ಅನ್ನಿಸಿತು. ಗಂಡನಿಗೆ ಅನ್ನಿಸಲಿಲ್ಲ. "ಜೂನ್ ತಿಂಗಳದಾಗ ಕೋಟ ಹಾಕ್ಕೊಂಡು ಏರ್‌ಪೋರ್ಟಿನ್ಯಾಗ ನಿಂತರ ಮಂದಿ ನಗತಾರ. ಬೇಕಂದ್ರ ಅಲ್ಲೇ ಒಂದ ಕೊಳ್ಳೂಣು" ಎಂದು ಮಾತು ಮುಗಿಸಿದರು. ನಗುವ ಮಂದಿ ಯಾರು ಎಂದು ನಾನು ಕೇಳಬೇಕಿತ್ತು. ಕೋಟನ್ನು ಹ್ಯಾಂಗರಿಗೆ ಹಾಕಿ ಬೀರು ಮುಚ್ಚಿದೆ.

ಕೋಪನ್‌ಹೇಗನ್‌ನಲ್ಲಿ ನಾವಿಬ್ಬರೇ ಹಡಗು ಹತ್ತಿದೆವು. ಬರ್ಗನ್‌ನಲ್ಲಿ ಮಳೆ. ಮ್ಯಾನೇಜರರ ಮಗಳು ಬಂದರಿನ ಹತ್ತಿರದ ಕಾಫಿ ಅಂಗಡಿಗೆ ಬಂದಳು. ನಮ್ಮೆದುರೇ ಟೇಪು ಕಿತ್ತಳು. ಒಳಗೆ ಚಕ್ಕುಲಿ, ಕೋಡುಬಳೆ, ಅವುಗಳ ಕೆಳಗೆ ಒಂದು ಕೋಟು. ಹಾಲಿನ ಬಣ್ಣದ್ದು, ಮೊಣಕಾಲಿನವರೆಗೆ ಬರುವಂಥದ್ದು, ಟೊಪ್ಪಿಗೆಯ ಅಂಚಿಗೆ ತುಪ್ಪಳ. ಒಂದು ಕೋಟಿಗೆ ಜಾಗ ಮಾಡಲು ನನ್ನ ಕೋಟು ಹೊರಬಿದ್ದಿತ್ತು.

"ಅಯ್ಯೋ, ಅಮ್ಮಂಗೆ ಬೇಡ ಅಂತ ಹೇಳಿದ್ದೆ ಆಂಟಿ. ನನ್ನ ಹತ್ರ ಮೂರಿದೆ. ಇದನ್ನ ವಾಪಸ್ ತಗೊಂಡೋಗಿ, ಪ್ಲೀಸ್" ಎಂದು ಆ ಹುಡುಗಿ ಚಕ್ಕುಲಿ ಬಗಲಿಗಿಟ್ಟುಕೊಂಡು ಹೊರಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಬೇಡವಾದದ್ದನ್ನು ಬೇಡ ಅನ್ನಲು ಅವಳಿಗಾದರೂ ಬರುತ್ತಿತ್ತು.

ಎದುರಿನ ಅಂಗಡಿಯಲ್ಲಿ ಸಾಲಾಗಿ ಮಳೆಕೋಟುಗಳು ತೂಗುತ್ತಿದ್ದವು. ನಾನು ಅತ್ತ ನೋಡಿದ್ದನ್ನು ಕಂಡು ಗಂಡ, "ಮನ್ಯಾಗ ಹೊಸಾದು ಐತೆಲ್ಲ, ಮತ್ತೊಂದ ಯಾಕ?" ಎಂದರು.

"ಹಂಗಾರ ಇದನ್ನ ಹಾಕ್ಕೊಳ್ಳತೇನಿ" ಎಂದು ಬಿಳಿ ಕೋಟಿನ ತೋಳು ಹಿಡಿದೆ.

"ಬ್ಯಾಡ. ಬಿಳೇದು, ಹೊಲಸಾದೀತು. ಮೇಡಂಗ ಏನಂತ ಹೇಳೂದು?"

ಬಿಳಿ ಕೋಟು ನಮ್ಮ ಕೋಣೆಯ ಬೀರುವಿನಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಬೆಚ್ಚಗೆ ನಿಂತಿತು. ಹಡಗು ಬೆಟ್ಟಗಳ ನಡುವೆ ಹೋದ ದಿನ ನಾನು ಥರ್ಮಲ್, ಸ್ವೆಟರು, ಅದರ ಮೇಲೆ ಶಾಲು ಸುತ್ತಿಕೊಂಡು ಡೆಕ್ಕಿಗೆ ಹೋದೆ. ಜಿಟಿಜಿಟಿ ಮಳೆ, ಎದುರುಗಾಳಿ. ಸ್ವೆಟರು ನೀರು ಕುಡಿದು ಜೋತುಬಿತ್ತು, ಥರ್ಮಲ್ ತಣ್ಣಗೆ ಮೈಗಂಟಿತು. ಬೆಟ್ಟದ ತಿರುವು ಬರುವ ಮೊದಲೇ ನನ್ನ ಹಲ್ಲು ಕಟಕಟ ಅನ್ನತೊಡಗಿತು. ಗಂಡ ತಮ್ಮ ಜಾಕೆಟ್ಟಿನ ಜಿಪ್ಪನ್ನು ಗಲ್ಲದವರೆಗೆ ಎಳೆದುಕೊಂಡು, "ಒಳಗ ಹೋಗು, ಜ್ವರ ಬಂದೀತು" ಎಂದರು. ಕಾಳಜಿಯಿಂದಲೇ ಹೇಳಿದರು. ಅದು ಇನ್ನಷ್ಟು ಮೈ ಉರಿಸಿತು.

ಒಳಗೆ ಗಾಜಿನ ಹಿಂದೆ ಕೂತೆ. ನನ್ನ ಉಸಿರಿಗೇ ಗಾಜು ಮಸುಕಾಗುತ್ತಿತ್ತು. ಒರೆಸಿದರೆ ಕಾಣುತ್ತಿದ್ದುದು ಡೆಕ್ಕಿನಲ್ಲಿ ಸಾಲಾಗಿ ನಿಂತವರ ಬೆನ್ನು, ಎಲ್ಲ ಬಣ್ಣದ ಕೋಟುಗಳು. ಗಂಡ ಕೆಂಪು ಮೂಗಿನೊಂದಿಗೆ ಒಳಗೆ ಬಂದು ಕ್ಯಾಮೆರಾ ಮುಂದೆ ಹಿಡಿದು, "ನೋಡ, ಎಷ್ಟ ಛಂದ ಐತಿ" ಎಂದರು. ಬೆರಳಗಲದ ಪರದೆಯಲ್ಲಿ ನೀರು ಧುಮುಕುವುದನ್ನು ನೋಡಿದೆ. ಇದನ್ನು ಕುವೈತಿನಲ್ಲೇ ಕೂತು ನೋಡಬಹುದಿತ್ತು. ಉಳಿದ ದಿನಗಳಲ್ಲಿ ಮೂಗು ಸುರಿಸುತ್ತಾ ಕೋಣೆಯಲ್ಲೇ ಮಲಗಿದೆ. ಇಳಕಲ್ ಸೀರೆ ಮಡಿಕೆ ಬಿಚ್ಚಲೇ ಇಲ್ಲ.

ಮರಳಿ ಬಂದ ಮರುದಿನ ಜಾಬ್ರಿಯಾದಲ್ಲಿದ್ದ ಮ್ಯಾನೇಜರರ ಮನೆಗೆ ಹೋಗಿ ಬಿಳಿ ಕೋಟು ಒಪ್ಪಿಸಿದೆವು. ಗಂಡ ದಾರಿಯುದ್ದಕ್ಕೂ ಅದಕ್ಕೆ ಸುಕ್ಕು ಬೀಳದ ಹಾಗೆ ಎಚ್ಚರಿಕೆ ಹೇಳುತ್ತಲೇ ಇದ್ದರು.

"ಅಯ್ಯೋ, ಇದನ್ನ ವಾಪಸ್ ಹೊತ್ಕೊಂಡು ಬಂದ್ರಾ? ನೀವೇ ಹಾಕ್ಕೋಬಾರದಿತ್ತಾ ಅಲ್ಲಿ? ನಮಗಿಲ್ಲಿ ಯಾಕೆ, ಇಟ್ಕೊಳ್ಳಿ ನೀವೇ" ಎಂದರು ಮೇಡಂ. ಶರಬತ್ತು ಕೊಟ್ಟರು.

ಹೊರಗೆ ಮಧ್ಯಾಹ್ನದ ಬಿಸಿಲು. ಕಾರಿನ ಬಾಗಿಲ ಹಿಡಿ ಮುಟ್ಟಿದರೆ ಕೈ ಸುಡುತ್ತಿತ್ತು. ತುಪ್ಪಳದ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಂಡ ಕಾರು ಶುರು ಮಾಡುತ್ತಾ ಹಿಗ್ಗಿ ಹೀರೇಕಾಯಿಯಾಗಿದ್ದರು.

"ನೋಡಿದೇನು, ಎಂಥಾ ದೊಡ್ಡ ಮನಸ್ಸು. ಇನ್ನ ನಿಂದಽ ಅದು. ಹಾಕ್ಕೋ ಬೇಕಾದಂಗ."

"ಎಲ್ಲಿ ಹಾಕ್ಕೊಳ್ಳಲಿ?" ಎಂದು ಕೇಳಿದೆ.

ಅವರು ಕೈ ಚಾಚಿ ಎ.ಸಿ.ಯನ್ನು ನನ್ನ ಕಡೆ ತಿರುಗಿಸಿ ಜೋರು ಮಾಡಿದರು.