ಹರಿದ ಅರ್ಜಿಗಳನ್ನು ಜೋಡಿಸುವ ಅಕ್ಕ

ಬೆಳಗಿನ ಆರು ಗಂಟೆ. ಆಹಾರ ನೆರವಿನ ಕಚೇರಿ ತೆರೆಯಲು ಇನ್ನೂ ಮೂರು ತಾಸಿದೆ. ಕಾಯುವ ಕೋಣೆಯಲ್ಲಿ ಕಸ ಗುಡಿಸುವ ಹೆಂಗಸೊಬ್ಬರು ನಿನ್ನೆಯ ಬುಟ್ಟಿಯನ್ನು ನೆಲಕ್ಕೆ ಸುರಿದು, ಕಾಗದದ ಚೂರುಗಳನ್ನು ಜೋಡಿಸುತ್ತಿದ್ದಾರೆ. ಇವರ ಬಗ್ಗೆ ಬರೆಯಲು ಬಂದ ನಾನು ಬಗ್ಗಿ ನೋಡುತ್ತೇನೆ. ಯಾರೋ ಅರ್ಧ ತುಂಬಿ, ಕೊಡದೆ ಹರಿದು ಹಾಕಿ ಹೋದ ಅರ್ಜಿ. ಮನೆಯಲ್ಲಿ ಮೂವರು ಮಕ್ಕಳು ಎಂದು ಬರೆದಿದೆ.

ಇಂಥವು ದಿನಕ್ಕೆ ಎಂಟೊಂಬತ್ತು ಸಿಗುತ್ತವಂತೆ. ನಾನು ದಂಗಾಗುತ್ತೇನೆ.

ಎಲ್ಲರೂ ಇವರನ್ನು ಪೊರಕೆ ಅಕ್ಕ ಎನ್ನುತ್ತಾರೆ. ಇಲ್ಲಿ ಹನ್ನೆರಡು ವರ್ಷದ ಕೆಲಸ. ಓದಿದ್ದು ಆರನೇ ತರಗತಿ, ಆದರೆ ಈ ಅರ್ಜಿಯ ವಿಷಯದಲ್ಲಿ ಗುಮಾಸ್ತರ ಕಿವಿ ಹಿಂಡಬಲ್ಲರು. ಚೂರು ಜೋಡಿಸಿ ಜೋಡಿಸಿ ಅವರು ಒಂದು ಸಂಗತಿ ಕಂಡುಕೊಂಡಿದ್ದಾರೆ. ಎಲ್ಲರ ಬರಹವೂ ಒಂದೇ ಪ್ರಶ್ನೆಯಲ್ಲಿ ನಿಂತಿದೆ: ಮೂರನೇ ಪುಟ, ವಲಸೆಯ ಕಾಗದಪತ್ರ. ಬೇರೆ ದೇಶದಿಂದ ಬಂದ ತಾಯಂದಿರಿಗೆ ಅಲ್ಲಿ ಎರಡೂ ಕಡೆ ಭಯ. ಕಾಗದ ಇಲ್ಲ ಎಂದರೆ ಗಡಿಪಾರು, ಇದೆ ಎಂದರೆ ಸುಳ್ಳು. ಹರಿದು ಹಾಕಿ ಮಕ್ಕಳನ್ನು ಎಳೆದುಕೊಂಡು ಹೊರಟುಬಿಡುತ್ತಾರೆ.

ನಿಯಮವೇ ಬೇರೆ ಇದೆ ಸ್ವಾಮಿ! ಇಲ್ಲಿ ಹುಟ್ಟಿದ ಮಕ್ಕಳು ಈ ದೇಶದ ಪ್ರಜೆಗಳು, ಅವರಿಗೆ ಆಹಾರ ಕಾರ್ಡಿನ ಹಕ್ಕಿದೆ. ತಾಯಿ ತನಗಾಗಿ ಕೇಳದಿದ್ದರೆ ತನ್ನ ಕಾಗದಪತ್ರದ ಪ್ರಶ್ನೆಗೆ ಉತ್ತರಿಸಬೇಕಿಲ್ಲ, ಮನೆಯ ಆದಾಯ ತಿಳಿಸಿದರೆ ಸಾಕು. ಇದೂ ಅರ್ಜಿಯಲ್ಲೇ ಇದೆ, ಹದಿನಾಲ್ಕನೇ ಪುಟದ ತಳದಲ್ಲಿ, ಇರುವೆಯಂಥ ಅಕ್ಷರಗಳಲ್ಲಿ.

ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತೇನೆ. ಅಕ್ಕನೂ ಹಾಗೇ ಬೇರೆ ದೇಶದಿಂದ ಕಾಗದವಿಲ್ಲದೆ ಬಂದವರು. ಇಲ್ಲೇ ಹುಟ್ಟಿದ ಮಗಳಿಗೆ ಎರಡು ವರ್ಷವಿದ್ದಾಗ ಇದೇ ಕೋಣೆಯಲ್ಲಿ ಅರ್ಜಿ ಹರಿದು ಹಾಕಿ ಹೋಗಿದ್ದರು. ಮುಂದೆ ನಾಲ್ಕು ವರ್ಷ ಆ ಮಗು ಕುಡಿದದ್ದು ಮುಕ್ಕಾಲು ನೀರು ಬೆರೆಸಿದ ಹಾಲು. ಕಾಗದ ಸಿಕ್ಕ ಮೇಲೆ ಇಲ್ಲೇ ಕೆಲಸಕ್ಕೆ ಸೇರಿದರು. ಒಂದು ಬೆಳಿಗ್ಗೆ ಬುಟ್ಟಿಯಲ್ಲಿ ಹದಿನಾಲ್ಕನೇ ಪುಟ ಸಿಕ್ಕಿತು.

"ಅದನ್ನ ಓದಿದ ಮೇಲೇ ತಿಳೀತು. ಮಗಳ ಊಟಾನ ನಾನೇ ಹರಿದು ಬಿಸಾಕಿದ್ದೆ."

ಅಂದಿನಿಂದ ಅವರಿಗೆ ಕೆಲಸ ಎರಡು, ಸಂಬಳ ಒಂದಕ್ಕೇ. ನೆಲ ಒರೆಸುವಾಗ ಕಣ್ಣು ಜನರ ಪೆನ್ನಿನ ಮೇಲೆ. ಮೂರನೇ ಪುಟದಲ್ಲಿ ಪೆನ್ನು ನಿಂತರೆ ಅಕ್ಕ ಆ ಕುರ್ಚಿಯ ಕೆಳಗೇ ಒರೆಸತೊಡಗುತ್ತಾರೆ. ಹತ್ತು ಗಂಟೆಗೆ ಅವಳಿ ಮಕ್ಕಳ ತಾಯಿಯೊಬ್ಬಳು ಅರ್ಜಿಯನ್ನು ಅರ್ಧ ಹರಿದೇಬಿಟ್ಟಿದ್ದಾಳೆ. ಅಕ್ಕ ಹೋಗಿ ಅವಳ ಕೈ ಹಿಡಿಯುತ್ತಾರೆ.

"ತಂಗೀ, ನಿನ್ನ ಹೆಸರಿನ ಮುಂದೆ ನಂಗೆ ಬೇಡ ಅಂತ ಬರಿ. ಮಕ್ಕಳಿಗೆ ಬೇಕು ತಾನೆ?"

ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಿ ಕಿಟಕಿಗೆ ಕೊಡಿಸುತ್ತಾರೆ. ಗುಮಾಸ್ತ ತಲೆ ಎತ್ತದೆ ಮುದ್ರೆ ಒತ್ತುತ್ತಾನೆ.

ಆಸೆ ಏನು ಎಂದರೆ ನಗುತ್ತಾರೆ. ಹದಿನಾಲ್ಕನೇ ಪುಟದ ಆ ಸಾಲನ್ನು ಮೊದಲ ಪುಟಕ್ಕೆ ದೊಡ್ಡ ಅಕ್ಷರದಲ್ಲಿ ತರಲಿ, ಸಂಬಳದ ಮಾತು ಆಮೇಲೆ ಆಡೋಣ ಎನ್ನುತ್ತಾರೆ. ಮಗಳಿಗೀಗ ಹದಿನೆಂಟು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದ್ದಾರೆ.

"ನಿಂಗೆ ಗೊತ್ತಿರ್ಲಿಲ್ಲ ಬಿಡಮ್ಮ ಅಂದ್ಳು. ಸರಿ, ನಂಗೆ ಗೊತ್ತಿರ್ಲಿಲ್ಲ. ಕಿಟಕಿಯಾಚೆ ಕೂತಿದ್ದವರಿಗೆ ಗೊತ್ತಿತ್ತಲ್ಲ?"